ಸಾಡೊ ಕೆಂಪು

ಅಂಕಲ್ ಅವರ ಹುಬ್ಬಿನಲ್ಲಿ ಸದಾ ಚಿನ್ನದ ಬಣ್ಣದ ಪುಡಿ ಮಿನುಗುತ್ತಿತ್ತು. ಬೈಕಿನ ಬಣ್ಣಕ್ಕೆ ಬೆರೆಸುವ ಆ ಪುಡಿ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಭಾನುವಾರ ಬಲಿಪೂಜೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಇಗರ್ಜಿಯಲ್ಲಿ ಕಿಟಕಿ ಪಕ್ಕ ನಿಂತರೆ, ಬೆಳಕು ಬಿದ್ದು ಹುಬ್ಬು, ಕಿವಿ, ಕತ್ತಿನ ಸುಕ್ಕು ಎಲ್ಲ ಮಿರಮಿರ ಅನ್ನುತ್ತಿದ್ದವು. ಆಂಟಿ ಕರ್ಚೀಫಿನಲ್ಲಿ ಒರೆಸಿ ಒರೆಸಿ ಸೋತು, "ದೇವರ ಎದುರು ನಿಂತ್ರೆ ದೇವರಿಗಿಂತ ಜಾಸ್ತಿ ಇವರೇ ಹೊಳೀತಾರೆ, ನಾಚಿಕೆ ಆಗ್ತದೆ ನನಗೆ" ಎನ್ನುತ್ತಿದ್ದರು. ಅವರ ಮುಖ ನೋಡಿದರೆ ನಾಚಿಕೆಯ ಸುಳಿವೂ ಇರುತ್ತಿರಲಿಲ್ಲ.

ನಾನು ಹುಬ್ಬಳ್ಳಿಯಿಂದ ಮೆಲ್ಬರ್ನ್‌ಗೆ ಓದಲು ಬಂದವಳು. ಡ್ಯಾಂಡಿನಾಂಗ್‌ನಲ್ಲಿ ಅವರ ಮನೆಯ ಹಿಂದಿನ ರೂಮನ್ನು ರೆಂಟ್‌ಗೆ ಹಿಡಿದಿದ್ದೆ. ಅಂಕಲ್, ಆಂಟಿ ಇಬ್ಬರೂ ಮಂಗಳೂರು ಕಡೆಯ ಕ್ಯಾಥೊಲಿಕರು, ಮನೆಮಾತು ಕೊಂಕಣಿ. ಮಕ್ಕಳಿರಲಿಲ್ಲ. ಆಂಟಿ ವೃದ್ಧರ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಅಂಕಲ್ ಒಂದು ಕಾಲದಲ್ಲಿ ಊರಿನ ಖಾಸಗಿ ಬಸ್ಸುಗಳಿಗೆ ಬಣ್ಣ ಹೊಡೆದು ಹೆಸರು ಬರೆಯುತ್ತಿದ್ದವರು. ಇಲ್ಲಿಗೆ ಬಂದ ಮೇಲೆ ಲಾರಿ ಬಾಡಿಗಳ ಫ್ಯಾಕ್ಟರಿಯಲ್ಲಿ ಪೇಂಟರ್ ಆಗಿ, ಈಗ ಅದನ್ನೂ ಬಿಟ್ಟು ಮನೆಯ ಗ್ಯಾರೇಜಿನಲ್ಲಿ ಬೈಕುಗಳಿಗೆ ಬಣ್ಣ ಹೊಡೆಯುತ್ತಿದ್ದರು.

ಮೊದಲ ದಿನ ನನ್ನ ಸೂಟ್‌ಕೇಸ್ ಇಳಿಸುತ್ತಾ ಕೇಳಿದರು: "ಹುಬ್ಬಳ್ಳಿಯಾ? ಹಾಗಾದ್ರೆ ಮೀನು ತಿನ್ಲಿಕ್ಕಿಲ್ಲ?"

"ಇಲ್ರಿ ಅಂಕಲ್."

"ಒಳ್ಳೇದಾಯ್ತು. ನಮಗೆ ತಲಾ ಅರ್ಧ ತುಂಡು ಜಾಸ್ತಿ."

ಆ ಗ್ಯಾರೇಜು ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಬೈಕೋ ಪಲ್ಲಕ್ಕಿಯೋ ತಿಳಿಯದಂಥ ಗಾಡಿಗಳು. ನೆಲಕ್ಕೆ ತಾಗುವಂತೆ ತಗ್ಗಿದ ಉದ್ದನೆಯ ಮೈ, ಕೈಯೆತ್ತಿ ಹಿಡಿಯಬೇಕಾದ ಎತ್ತರದ ಹ್ಯಾಂಡಲ್, ಚಕ್ರವನ್ನು ಅರ್ಧ ಮುಚ್ಚುವ ಅಗಲದ ಮಡ್‌ಗಾರ್ಡು, ಮೀನಿನ ಬಾಲದಂತೆ ಸೀಳಿಕೊಂಡ ಸೈಲೆನ್ಸರ್. ಟ್ಯಾಂಕಿನ ಮೇಲೆ ಗುಲಾಬಿ, ಬಳ್ಳಿ, ಕೂದಲೆಳೆಯಷ್ಟು ಸಣ್ಣ ಗೆರೆಗಳು, ನಡುವೆ ಕಿರಣಗಳ ಒಳಗೆ ನಿಂತ ಮೇರಿ ಮಾತೆ. ಇದು ಅಮೆರಿಕದಲ್ಲಿ ಹುಟ್ಟಿ ಬೆಳೆದ ಮೆಕ್ಸಿಕನ್ ಮನೆತನದವರ ಶೈಲಿಯಂತೆ. ಅವರು ತಮ್ಮನ್ನು ಚಿಕಾನೊ ಎಂದು ಕರೆದುಕೊಳ್ಳುತ್ತಾರೆ, ಈ ಗಾಡಿಗಳನ್ನು ಲೋರೈಡರ್ ಎನ್ನುತ್ತಾರೆ. ಅಂಥವನೊಬ್ಬ ಮದುವೆಯಾಗಿ ಮೆಲ್ಬರ್ನ್‌ಗೆ ಬಂದು ಅಂಕಲ್ ಜೊತೆ ಅದೇ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಊಟದ ಬಿಡುವಿನಲ್ಲಿ ತನ್ನ ಅಪ್ಪನ ಬೈಕಿನ ಫೋಟೊ ತೋರಿಸಿದ. ಅಂಕಲ್ ಫೋಟೊದಲ್ಲಿ ಬೈಕು ನೋಡಲಿಲ್ಲ, ಟ್ಯಾಂಕಿನ ಮೇಲಿದ್ದ ಮಾತೆಯನ್ನು ನೋಡಿದರು. "ನಮ್ಮ ಸಾಯ್ಬಿಣ್ ಅಲ್ವಾ ಇದು! ನಮ್ಮ ಊರಿನ ಬಸ್ಸಿನ ಗಾಜಿನ ಮೇಲೆ ಕೂತವಳು ಇಲ್ಲಿ ಹೇಗೆ ಬಂದಳು ಅಂತ ಆಯ್ತು ನನಗೆ" ಎಂದು ಆ ಕತೆ ಹೇಳುವಾಗಲೆಲ್ಲ ಕಣ್ಣರಳಿಸುತ್ತಿದ್ದರು. ಅಲ್ಲಿಂದ ಇಬ್ಬರೂ ಗೆಳೆಯರಾದರು. ಅವನು ಕಬ್ಬಿಣ ಕತ್ತರಿಸಿ ಬೆಸೆಯುವವನು, ಇವರು ಬಣ್ಣ ಹಚ್ಚುವವರು.

ಆದರೆ ಇವರ ಮಾತೆಯ ಮುಡಿಯಲ್ಲಿ ಮಂಗಳೂರು ಮಲ್ಲಿಗೆ ಇರುತ್ತಿತ್ತು. ಗೆಳೆಯ ಮೊದಮೊದಲು ತಕರಾರು ತೆಗೆದನಂತೆ. ಆಮೇಲೆ ಗಿರಾಕಿಗಳೇ ಬಂದು "ಆ ಬಿಳಿ ಹೂವು ಬೇಕು" ಎಂದು ಕೇಳತೊಡಗಿದ ಮೇಲೆ ಸುಮ್ಮನಾದ.

"ಅಂಕಲ್, ಇದು ಎಷ್ಟ್ ಸ್ಪೀಡ್ ಹೋಗ್ತದ್ರಿ?" ಎಂದು ನಾನು ಕೇಳಿದ್ದೆ.

"ಸ್ಪೀಡಾ? ಅವಸರ ಇದ್ದವರು ಟ್ರೇನಲ್ಲಿ ಹೋಗ್ಲಿ ಮಾರಾಯ್ತಿ. ಇದು ಜನ ನೋಡ್ಲಿಕ್ಕೆ ಅಂತ ನಿಧಾನ ಹೋಗುವ ಗಾಡಿ."

"ಹೊಟ್ಟಿಗೆ ಹಿಟ್ಟಿಲ್ಲಂದ್ರೂ ಜುಟ್ಟಿಗೆ ಮಲ್ಲಿಗಿ ಅಂದಂಗಾತು" ಎಂದೆ. ಅಂಕಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಯಾರೇ ಗಿರಾಕಿ ಬರಲಿ, ಆ ಗಾದೆಯನ್ನು ತಮಗೆ ತಿಳಿದ ಇಂಗ್ಲಿಷಿಗೆ ತಿರುಗಿಸಿ, ನನ್ನ ಕಡೆ ಬೆರಳು ತೋರಿಸಿ ಹೇಳುತ್ತಿದ್ದರು.

ಆ ಗ್ಯಾರೇಜಿಗೆ ನನ್ನಿಂದ ಒಂದು ಅನಾಹುತವೂ ಆಯಿತು. ಒಂದು ಶನಿವಾರ ತಲೆಗೆ ಕೊಬ್ಬರಿ ಎಣ್ಣೆ ಬಡಿದುಕೊಂಡು, ಜಡೆ ಹೆಣೆದು, ಚಹಾ ಕೊಡಲು ಒಳಗೆ ಹೋದವಳು ತಂತಿಗೆ ತೂಗುಹಾಕಿದ್ದ ಮಡ್‌ಗಾರ್ಡನ್ನು ಸುಮ್ಮನೆ ಮುಟ್ಟಿದೆ. ಬಣ್ಣ ಬಿದ್ದ ಮೇಲೆ ನಾನು ಮುಟ್ಟಿದ ಕಡೆಯೆಲ್ಲ ಬಣ್ಣ ಸರಿದು ಸಣ್ಣ ಸಣ್ಣ ಗುಳಿ ಎದ್ದವು. ಮೀನಿನ ಕಣ್ಣು ಅನ್ನುತ್ತಾರಂತೆ ಅದಕ್ಕೆ. ಎಣ್ಣೆಯ ಪಸೆ ಇದ್ದಲ್ಲಿ ಬಣ್ಣ ಕೂರುವುದಿಲ್ಲ. ಬೈಗುಳ ಬೀಳುತ್ತದೆಂದು ಕಾಯುತ್ತಿದ್ದೆ. ಅಂಕಲ್ ಗುಳಿಗಳನ್ನು ಬಗ್ಗಿ ನೋಡಿ, "ಮೀನು ತಿನ್ನದವಳು ಮೀನಿನ ಕಣ್ಣು ತಂದು ಕೊಟ್ಟಳು ನೋಡು" ಎಂದು ಆಂಟಿಯನ್ನು ಕೂಗಿ ಕರೆದರು. ಆಮೇಲೆ ನೀರು ಹಾಕಿ ಉಜ್ಜುವ ಮರಳುಕಾಗದವನ್ನು ನನ್ನ ಕೈಗೆ ಕೊಟ್ಟು, ಹೊಡೆದ ಬಣ್ಣ ಪೂರ್ತಿ ಹೋಗುವವರೆಗೆ ಉಜ್ಜಿಸಿದರು. ತೇಪೆ ಹಚ್ಚಬಾರದೇ ಎಂದು ಕೇಳಿದ್ದಕ್ಕೆ ಆ ಕೆಲಸದ ಗುಟ್ಟು ಹೇಳಿದರು.

ಕೆಳಗೆ ಚಿನ್ನದ ಬಣ್ಣ, ಅದರ ಮೇಲೆ ಮಿನುಗುವ ಪುಡಿ, ಅದರ ಮೇಲೆ ಗಾಜಿನಂತೆ ಪಾರದರ್ಶಕವಾದ ಕೆಂಪು ಪದರಗಳು. ಕ್ಯಾಂಡಿ ಅನ್ನುತ್ತಾರೆ ಆ ಬಣ್ಣಕ್ಕೆ. ಒಂದೊಂದು ಕೋಟ್ ಬಿದ್ದ ಹಾಗೆಲ್ಲ ಕೆಂಪು ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತದೆ, ಗಾಢವಾಗುತ್ತದೆ. ಒಂದೇ ಕಡೆ ತೇಪೆ ಹಚ್ಚಿದರೆ ಅಲ್ಲಿ ಕಪ್ಪು ಮಚ್ಚೆ. ಕೈ ಬದಲಾದರೂ ಬಣ್ಣ ಬದಲಾಗುತ್ತದೆ, ಯಾಕೆಂದರೆ ಒಬ್ಬೊಬ್ಬರ ಕೈಯ ವೇಗ ಒಂದೊಂದು. "ಒಬ್ಬರು ಇಟ್ಟ ಸಾರಿಗೆ ಇನ್ನೊಬ್ಬರು ಉಪ್ಪು ಹಾಕಿದ ಹಾಗೆ ಆಗ್ತದೆ. ಶುರು ಮಾಡಿದವನೇ ಮುಗಿಸಬೇಕು" ಎಂದರು.

ಓದು ಮುಗಿದ ಮೇಲೆ ಕೆಲಸ ಸಿಗದೆ ನಾನು ಹಾಸಿಗೆ ಹಿಡಿದವಳಂತೆ ಬಿದ್ದುಕೊಂಡಿದ್ದ ದಿನಗಳಲ್ಲಿ ಅವರು ಬುದ್ಧಿವಾದ ಹೇಳಲಿಲ್ಲ. ಬಾಗಿಲು ತಟ್ಟಿ, "ಉಜ್ಜುವ ಕೆಲಸ ಉಂಟು, ಎಣ್ಣೆ ಹಾಕದೆ ಬಾ" ಎನ್ನುತ್ತಿದ್ದರು. ನಾನು ಉಜ್ಜುತ್ತಾ ಅತ್ತರೆ ರೇಡಿಯೊ ಸ್ವಲ್ಪ ಜೋರು ಮಾಡುತ್ತಿದ್ದರು, ಅಷ್ಟೆ. ಆ ಗ್ಯಾರೇಜಿಲ್ಲದಿದ್ದರೆ ನಾನು ಊರಿಗೆ ಟಿಕೆಟ್ ಬುಕ್ ಮಾಡಿ ಹೊರಟೇ ಬಿಡುತ್ತಿದ್ದೆ. ಕೊನೆಗೆ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಆಸ್ಪತ್ರೆಯ ಕೆಲಸ ಸಿಕ್ಕಿತು. ರೋಗಿಗಳಿಂದ ನಳಿಗೆ ಊದಿಸಿ, ಅವರ ಶ್ವಾಸಕೋಶದ ಶಕ್ತಿ ಅಳೆಯುವ ಕೆಲಸ. ಸ್ಟೇಷನ್ ಹತ್ತಿರ ಒಂದು ಫ್ಲ್ಯಾಟು ಹಿಡಿದೆ. ಹೊರಡುವ ದಿನ ಆಂಟಿ ಅತ್ತರು. ಅಂಕಲ್ ಮಾತ್ರ ನನ್ನ ಸೂಟ್‌ಕೇಸಿನ ಹಿಡಿಕೆಗೆ ಸಣ್ಣ ಬಂಗಾರದ ಗೆರೆ ಎಳೆದು ಕೊಟ್ಟರು. ಏರ್‌ಪೋರ್ಟಿನಲ್ಲಿ ಕಳೆದುಹೋಗಬಾರದಂತೆ.

ಇನ್ನು ಆಂಟಿಯ ಬೈಕಿನ ವಿಷಯ. ಅಂಕಲ್ ಮಾಡುತ್ತಿದ್ದದ್ದೆಲ್ಲ ಒಬ್ಬರೇ ಕೂರುವ ಬೈಕುಗಳು. ಅದೂ ಮತ್ತೊಬ್ಬರ ಬೈಕುಗಳು. ಆಂಟಿ ಅವರ ಬೆನ್ನ ಹಿಂದೆ ಕೂತದ್ದು ಒಂದೇ ಸಲ, ಮದುವೆಯ ಮರುದಿನ. ತವರಿಗೆ ಹೋಗಲು ಯಾರದೋ ಬೈಕು ಇಸಕೊಂಡು, ನೇತ್ರಾವತಿ ಸೇತುವೆಯ ಮೇಲೆ, ಸಾಡೊ ಉಟ್ಟುಕೊಂಡು, ಸೆರಗು ಚಕ್ರಕ್ಕೆ ಸಿಕ್ಕೀತೆಂದು ಮಡಿಲಲ್ಲಿ ಅವುಚಿಕೊಂಡು ಹೋದದ್ದು. ಸಾಡೊ ಅಂದರೆ ಅವರಲ್ಲಿ ಮದುಮಗಳಿಗೆ ಉಡಿಸುವ ಕೆಂಪು ಸೀರೆ, ಜರಿಯ ಅಂಚಿನದು. ಗಂಡ ಇರುವ ತನಕ ಮಾತ್ರ ಉಡುವಂಥದ್ದು ಎನ್ನುವುದು ಹಿಂದಿನವರ ಮಾತು. ಆಂಟಿ ಅದನ್ನು ಹಳೆಯ ಮಲ್ಲು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದರು. ಆ ಕೆಂಪಿನದೇ ಒಂದು ಬೈಕು, ಹಿಂದೆ ಸೀಟು ಇರುವಂಥದ್ದು, ಮಾಡಿ ಕೂರಿಸಿಕೊಂಡು ಹೋಗುತ್ತೇನೆ ಎಂದು ಅಂಕಲ್ ವರ್ಷಗಳಿಂದ ಹೇಳುತ್ತಿದ್ದರು. ನಾನು ಸಿಡ್ನಿಗೆ ಬಂದ ಮೇಲೆ ಕೊನೆಗೂ ಶುರು ಮಾಡಿದರು.

ಅದೇ ಸಮಯಕ್ಕೆ ಸಿಡ್ನಿಯ ಪಶ್ಚಿಮದ ಸಬರ್ಬೊಂದರಲ್ಲಿ ಲೋರೈಡರ್‌ಗಳ ಪ್ರದರ್ಶನವಿತ್ತು. ಅಂಕಲ್ ಗೆಳೆಯನ ಜೊತೆ ಗಿರಾಕಿಯ ಬೈಕನ್ನು ಟ್ರೇಲರ್‌ನಲ್ಲಿ ಹೇರಿಕೊಂಡು ಬಂದರು. ನನ್ನ ಫ್ಲ್ಯಾಟು ಎರಡನೆಯ ಮಹಡಿ. ಬಾಗಿಲು ತೆರೆದು ನಿಂತಿದ್ದ ನನಗೆ ಮೊದಲು ಅವರ ಕೆಮ್ಮು ಕೇಳಿಸಿತು. ಕೆಮ್ಮಿ, ನಿಂತು, ಎರಡು ಮೆಟ್ಟಿಲು ಹತ್ತಿ, ಮತ್ತೆ ನಿಂತು. ದಿನವಿಡೀ ಅದೇ ಸದ್ದಿನ ನಡುವೆ ಕೆಲಸ ಮಾಡುವವಳು ನಾನು.

"ಎಷ್ಟ್ ದಿನದಿಂದ ಐತ್ರಿ ಇದು?"

"ಎಂತದ್ದು? ನಿನ್ನ ಮೆಟ್ಟಿಲು ಎತ್ತರ ಉಂಟು. ಹುಬ್ಬಳ್ಳಿಯವರು ಕಟ್ಟಿಸಿದ್ದಾ?"

ನಾನು ನಗಲಿಲ್ಲ. ಮೆಲ್ಬರ್ನ್‌ಗೆ ಹೋದೊಡನೆ ಡಾಕ್ಟರಿಗೆ ತೋರಿಸುತ್ತೇನೆ ಎಂದು ಮಾತೆಯ ಮೇಲೆ ಆಣೆ ಮಾಡಿಸಿಕೊಂಡೇ ಕಳಿಸಿದೆ. ತೋರಿಸಿದರು. ಆಮೇಲೆ ಒಂದು ಮಧ್ಯಾಹ್ನ ಫೋನ್ ಮಾಡಿ, ಬಸ್ಸಿನ ಟೈಮ್ ಹೇಳಿದಂತೆ ಹೇಳಿದರು. ಬಸ್ಸಿನ ಕಾಲದಲ್ಲಿ ಮೂಗಿಗೆ ಬರೀ ಕರ್ಚೀಫು ಕಟ್ಟಿಕೊಂಡು ಹೊಡೆದ ಬಣ್ಣ, ಗ್ಯಾರೇಜಿನ ಸೆಕೆಗೆ ಮಾಸ್ಕ್ ಕುತ್ತಿಗೆಗೆ ಇಳಿಸಿ ಹೊಡೆದ ಬಣ್ಣ, ಎಲ್ಲ ಸೇರಿ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗಿತ್ತು. ಇನ್ನು ಒಂದು ಕೋಟ್ ಕೂಡ ಹೊಡೆಯಬಾರದು ಎಂದಿದ್ದರು ಡಾಕ್ಟರು.

"ಈಗರೆ ನಿಲ್ಲಸ್ರಿ ಅಂಕಲ್."

"ನಿಲ್ಲಿಸ್ತೇನೆ. ಇದೊಂದು ಬೈಕು ಮುಗೀಲಿ. ಚಿನ್ನದ ಬಣ್ಣ ಬಿದ್ದಾಗಿದೆ, ಕೆಂಪು ಶುರು ಆಗಿದೆ. ಅರ್ಧದಲ್ಲಿ ಬಿಡ್ಲಿಕ್ಕೆ ಆಗ್ತದಾ?"

"ನಿಮ್ ಗೆಳೆಯಾ ಮುಗಸ್ತಾನಲ್ರಿ."

"ಅವನ ಕೈ ಬೇರೆ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು, "ನಿನ್ನ ಆಂಟಿಗೆ ಹೇಳ್ಬೇಡ. ಅವಳಿಗೆ ಗೊತ್ತಾದ್ರೆ ಗ್ಯಾರೇಜಿಗೆ ಬೀಗ ಹಾಕ್ತಾಳೆ" ಎಂದರು. ನಾನು ಮಾತು ಕೊಡಲಿಲ್ಲ. ನೋಡೂಣ್ರಿ ಎಂದಷ್ಟೇ ಅಂದು ಫೋನ್ ಇಟ್ಟೆ. ಮಾರನೆಯ ವಾರ ರಜೆ ಹಾಕಿ ಮೆಲ್ಬರ್ನ್‌ಗೆ ಹೋದೆ.

ಗ್ಯಾರೇಜಿನಲ್ಲಿ ಆಂಟಿಯ ಬೈಕಿನ ಟ್ಯಾಂಕು, ಎರಡು ಮಡ್‌ಗಾರ್ಡು ತಂತಿಗೆ ತೂಗುತ್ತಿದ್ದವು. ಅಂಕಲ್ ಒಂದು ಕೋಟ್ ಹೊಡೆಯುವರು, ಹೊರಗೆ ಬಂದು ಬಟ್ಟೆ ಒಣಹಾಕುವ ಕಂಬ ಹಿಡಿದು ಕೆಮ್ಮುವರು. ಅದು ಒಣಗಿದ ಮೇಲೆ ಆಂಟಿಯನ್ನು ಕರೆಯುವರು. ಆಂಟಿ ಕೈ ತೊಳೆದು, ಸಾಡೊ ತಂದು, ಬಣ್ಣದ ಧೂಳು ತಾಗದ ಹಾಗೆ ಬಾಗಿಲ ಬಳಿ ನಿಂತು ಸೆರಗು ಹಿಡಿದು ತೋರಿಸುವರು.

"ಬಂತಾ?"

"ಇನ್ನೂ ಇಲ್ಲ. ಸೀರೆ ಇದಕ್ಕಿಂತ ಕೆಂಪುಂಟು."

ಆಂಟಿ ಸುಳ್ಳು ಹೇಳುವ ಜಾತಿಯವರಲ್ಲ. ಔತಣಕ್ಕೆ ಹೋದ ಮನೆಯಲ್ಲಿ ಸಾಂಬಾರಿಗೆ ಉಪ್ಪು ಜಾಸ್ತಿ ಆಗಿದ್ದರೆ ಅದನ್ನೂ ಹೇಳಿಯೇ ಬರುವವರು. ಆರಾಮ ಇಲ್ಲದ ದಿನ ಆರಾಮ ಎಂದು ಹೇಳಿದ್ದಕ್ಕೆ ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಿದ್ದರಂತೆ. ಅಂಕಲ್ ಅವರನ್ನು ಕೇಳುತ್ತಿದ್ದದ್ದೂ ಅದಕ್ಕೇ. ಆಂಟಿ ಕೆಮ್ಮನ್ನು ಚಳಿಗಾಲದ ಕೆಮ್ಮು ಎಂದುಕೊಂಡಿದ್ದರು. ಗಂಡ ತನ್ನ ಸೀರೆಯ ಬಣ್ಣಕ್ಕಾಗಿ ಒದ್ದಾಡುತ್ತಿರುವುದು ಅವರಿಗೆ ಖುಷಿ ಕೊಟ್ಟಿತ್ತು, ಹುಡುಗಿಯಂತೆ ಓಡಾಡುತ್ತಿದ್ದರು. ಅವರು ಇನ್ನೂ ಇಲ್ಲ ಎಂದಾಗಲೆಲ್ಲ ಅಂಕಲ್ ತಲೆ ಅಲ್ಲಾಡಿಸಿ, ಮತ್ತೆ ಸ್ಪ್ರೇ ಗನ್ನಿಗೆ ಬಣ್ಣ ತುಂಬುತ್ತಿದ್ದರು. ಪ್ರತಿ ಕೋಟಿಗೂ ಅವರೊಳಗೆ ಏನು ಹೋಗುತ್ತಿದೆಯೆಂದು ಆ ಮನೆಯಲ್ಲಿ ಆಂಟಿಗೊಬ್ಬರಿಗೆ ಗೊತ್ತಿರಲಿಲ್ಲ.

ಆಂಟಿ ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದಾಗ ನಾನು ಅಡುಗೆಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಡಾಕ್ಟರು ಹೇಳಿದ್ದು, ನನ್ನ ಕೆಲಸದಲ್ಲಿ ನಾನು ದಿನಾ ನೋಡುವುದು, ಏನನ್ನೂ ಬಿಡಲಿಲ್ಲ. ಆಂಟಿ ಕೂಗಾಡುತ್ತಾರೆ, ಗ್ಯಾರೇಜಿಗೆ ಬೀಗ ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಒಲೆ ಆರಿಸಿದರು. ಮಸಾಲೆಯ ಕೈಯನ್ನು ತುಂಬ ಹೊತ್ತು ತೊಳೆದರು.

"ಬೀಗ ಹಾಕಿದ್ರೆ ಅವರು ಇನ್ನೊಂದು ಗ್ಯಾರೇಜು ಹುಡುಕ್ತಾರೆ" ಎಂದರು. "ನನಗೆ ಗೊತ್ತುಂಟು ಅವರು."

ಸೆರಗಿನಿಂದ ಮುಖ ಒರೆಸಿಕೊಂಡು, ಬೀರುವಿನಿಂದ ಸಾಡೊ ತೆಗೆದುಕೊಂಡು ಹೊರಟರು. ನಾನು ಹಿಂದೆಯೇ ಹೋದೆ. ಅವರಿಬ್ಬರೂ ಕೊಂಕಣಿಯಲ್ಲೇ ಮಾತಾಡಿದರು. ಅಷ್ಟು ಹೊತ್ತಿಗೆ ನನಗೆ ಅದು ತಿಳಿಯುತ್ತಿತ್ತು. ಆಂಟಿ ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಒಳಗೆ ಹೋಗಿ ಸೀರೆಯ ಸೆರಗನ್ನು ಟ್ಯಾಂಕಿನ ಪಕ್ಕಕ್ಕೇ ಹಿಡಿದರು.

"ಬಂತು. ಇದೇ ಬಣ್ಣ. ಸಾಕಿನ್ನು."

ಬಂದಿರಲಿಲ್ಲ. ಕುರುಡನಿಗೂ ತಿಳಿಯುವಂತಿತ್ತು. ಟ್ಯಾಂಕು ದಾಳಿಂಬೆ ಬೀಜದ ಕೆಂಪು, ಸೀರೆ ಒಣಮೆಣಸಿನಕಾಯಿಯ ಕೆಂಪು. ಅಂಕಲ್ ಟ್ಯಾಂಕು ನೋಡಿದರು, ಸೀರೆ ನೋಡಿದರು, ಆಮೇಲೆ ಆಂಟಿಯ ಮುಖ ನೋಡಿದರು.

"ಖಂಡಿತವಾ?"

"ನನ್ನ ಸೀರೆ. ನನಗೆ ಗೊತ್ತಾಗುದಿಲ್ವಾ?"

ಅಂಕಲ್ ಗನ್ನಿನಲ್ಲಿ ಉಳಿದ ಬಣ್ಣವನ್ನು ಡಬ್ಬಿಗೆ ಸುರಿದು, ಗನ್ ತೊಳೆದು ಮೊಳೆಗೆ ನೇತುಹಾಕಿದರು. ಎಲ್ಲಕ್ಕಿಂತ ಮೇಲೆ ಕೊನೆಗೆ ಹಾಕುವ ಹೊಳಪಿನ ಪದರಕ್ಕೆ ಬಣ್ಣವಿಲ್ಲ, ಅದನ್ನು ಯಾರ ಕೈಯಾದರೂ ಹಾಕಬಹುದು. ಗೆಳೆಯ ಬಂದು ಹಾಕಿಕೊಟ್ಟ. ಅಂಕಲ್ ಅಂಗಳದಲ್ಲಿ ಕುರ್ಚಿ ಹಾಕಿ ಕೂತು, ಆಂಟಿ ಕೊಟ್ಟ ಗಂಜಿ ಕುಡಿಯುತ್ತಾ ಅದನ್ನು ದೂರದಿಂದ ನೋಡಿದರು.

ಬೈಕು ತಯಾರಾದ ದಿನ ಮತ್ತೆ ಹೋಗಿದ್ದೆ. ಒಂದೇ ಕಡೆ ಕಾಲು ಇಳಿಬಿಟ್ಟು ಕೂರಲು ಇಲ್ಲಿ ಬಿಡುವುದಿಲ್ಲವಲ್ಲ, ಆಂಟಿ ಪ್ಯಾಂಟಿನ ಮೇಲೆ ಸಾಡೊ ಎತ್ತಿ ಕಟ್ಟಿ, ಅದರ ಮೇಲೆ ಅಂಕಲ್ ಅವರ ಜಾಕೆಟ್ ಹಾಕಿ, ಹೆಲ್ಮೆಟ್ ತೊಟ್ಟು, ನೋಡಿದವರು ಹೆದರುವಂತೆ ಅವರ ಹಿಂದೆ ಕೂತು ಹೊರಟರು. ಬೀದಿಯ ಈ ತುದಿಯಿಂದ ಆ ತುದಿ, ಮತ್ತೆ ವಾಪಸ್ಸು, ನಡೆಯುವವರಿಗಿಂತ ನಿಧಾನ. ಎದುರು ಮನೆಯ ಅಫ್ಘಾನ್ ಹೆಂಗಸು ಮಗುವನ್ನು ಎತ್ತಿಕೊಂಡು ಬಂದು ಕೈಬೀಸಿದಳು. ಆಂಟಿ ನಗುತ್ತಿದ್ದರೋ ಅಳುತ್ತಿದ್ದರೋ ಹೆಲ್ಮೆಟ್ಟಿನೊಳಗೆ ಕಾಣಿಸಲಿಲ್ಲ. ಅಂಕಲ್ ಬೆನ್ನು ಮಾತ್ರ ಹೊಸ ಮದುಮಗನ ಹಾಗೆ ನೆಟ್ಟಗಿತ್ತು.

ಆ ಚಳಿಗಾಲದಲ್ಲಿ ಅವರಿಗೆ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ಗನ್ ಕೆಳಗಿಟ್ಟಿದ್ದು ತಡವಾಗಿತ್ತು. ಅಲ್ಲಿಂದ ನನಗೆ ಒಮ್ಮೆ ಫೋನ್ ಮಾಡಿದರು. ಮಾತಿಗಿಂತ ಉಸಿರೇ ಹೆಚ್ಚು ಕೇಳುತ್ತಿತ್ತು.

"ಅವಳು ಸುಳ್ಳು ಹೇಳಿದಳು ಮಾರಾಯ್ತಿ. ನೀನು ಹೇಳಿದ್ದಲ್ವಾ ಅವಳಿಗೆ?"

"ಹೌದ್ರಿ ಅಂಕಲ್."

"ಬಣ್ಣ ಬಂದಿರ್ಲಿಲ್ಲ. ನನಗೆ ಬಸ್ಸಿನ ಕಾಲದಿಂದ ಕೆಂಪು ಗೊತ್ತು, ಕಾಣುದಿಲ್ವಾ? ಆದ್ರೆ ಅವಳ ಬಾಯಲ್ಲಿ ಸುಳ್ಳು ಬರ್ಬೇಕಾದ್ರೆ ಅವಳಿಗೆ ಎಷ್ಟು ಕಷ್ಟ ಆಗಿರ್ಬೇಕು ಹೇಳು. ಇನ್ನೊಂದು ಕೋಟ್ ಹೊಡೆದ್ರೆ ಅವಳು ಇನ್ನೊಂದು ಸುಳ್ಳು ಹೇಳ್ಬೇಕು." ಕೆಮ್ಮಿ, "ಬೇಡ ಅಂತ ಬಿಟ್ಟೆ" ಎಂದರು.

ಅದೇ ನನ್ನ ಜೊತೆ ಅವರಾಡಿದ ಕೊನೆಯ ಮಾತು. ನಾನು ವಿಮಾನ ಹತ್ತುವ ಮೊದಲೇ ಹೋಗಿಬಿಟ್ಟರು. ಎಷ್ಟು ಜನರ ಉಸಿರು ಅಳೆದಿದ್ದೇನೆ, ನನ್ನವರೊಬ್ಬರ ಉಸಿರು ನಿಂತಾಗ ಪಕ್ಕದಲ್ಲಿರಲಿಲ್ಲ. ಶವಪೆಟ್ಟಿಗೆಯಲ್ಲಿ ಬಿಳಿ ಅಂಗಿ ಹಾಕಿಸಿ ಮಲಗಿಸಿದ್ದರು. ಇಗರ್ಜಿಯ ಹೊರಗೆ ಅವರು ಬಣ್ಣ ಹೊಡೆದ ಬೈಕುಗಳೆಲ್ಲ ಬಂದು ಸಾಲಾಗಿ ನಿಂತಿದ್ದವು. ಕ್ರೇಗಿಬರ್ನ್‌ನಿಂದ ಬಂದ ಹುಡುಗರು, ಮೈತುಂಬ ಹಚ್ಚೆಯ ಸಮೋವನ್ ಗಂಡಸರು, ಎಲ್ಲರ ಟ್ಯಾಂಕಿನ ಮೇಲೂ ಮಲ್ಲಿಗೆ. ಗೆಳೆಯ ಮಗುವಿನಂತೆ ಬಿಕ್ಕುತ್ತಿದ್ದ. ಆಂಟಿ ಅಳಲಿಲ್ಲ. ಬಂದವರೆಲ್ಲರನ್ನೂ ಊಟ ಆಯಿತಾ ಎಂದು ವಿಚಾರಿಸಿಕೊಂಡರು.

ಜನ ಹೋದ ಮೇಲೆ ಆಂಟಿ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದರು. ಬಾಗಿಲು ಎತ್ತಿ, ಬೈಕಿನ ಮುಂದೆ ಕೈಕಟ್ಟಿ ನಿಂತರು.

"ಬಣ್ಣ ಬಂದಿರ್ಲಿಲ್ಲ ಮಗಾ" ಎಂದರು. "ಇನ್ನೂ ಸ್ವಲ್ಪ ಬೇಕಿತ್ತು. ನಾನು ಪಾದ್ರಿಗಳ ಹತ್ತಿರ ಹೇಳಿದೆ, ಅದು ಪಾಪ ಅಲ್ಲ ಅಂದರು. ಆದ್ರೆ ಜೀವಮಾನ ಇಡೀ ಒಂದು ಕೆಂಪು ಹುಡುಕಿದ ಮನುಷ್ಯನನ್ನು ನಾನು ಮೋಸ ಮಾಡಿ ಕಳಿಸಿದೆ. ಬಣ್ಣ ಸಿಕ್ಕಿತು ಅಂತ ತಿಳ್ಕೊಂಡು ಹೋದರು ಅವರು."

ನನಗೆ ಸುಮ್ಮನಿರಲು ಆಗಲಿಲ್ಲ. "ಇಲ್ರಿ ಆಂಟಿ. ಅವರಿಗೆ ಗೊತ್ತಿತ್ತು."

ಆಂಟಿ ನನ್ನ ಕಡೆ ತಿರುಗಿದರು. "ಎಂತ ಗೊತ್ತಿತ್ತು?"

"ನೀವು ಸುಳ್ಳು ಹೇಳಿದ್ದು. ಅವತ್ತೇ ಗೊತ್ತಾಗಿತ್ರಿ. ನನಗ ಫೋನಿನ್ಯಾಗ ಹೇಳಿದ್ರು."

"ಮತ್ತೆ ಯಾಕೆ ನಿಲ್ಲಿಸಿದರು?"

"ನೀವು ಸಾಕು ಅಂದ್ರಲ್ರಿ."

ಆಂಟಿ ಕೈ ಚಾಚಿ ಟ್ಯಾಂಕನ್ನು ಮುಟ್ಟಿದರು. "ಹೆಡ್ಡ" ಎಂದರು. "ಶುದ್ಧ ಹೆಡ್ಡ. ಅದೊಂದು ಬಣ್ಣ ಬೇಕು ಅಂತ ಎಷ್ಟು ವರ್ಷ..." ಮಾತು ಮುಗಿಸಲಾಗದೆ ಬೈಕಿನ ಹಿಂದಿನ ಸೀಟಿನ ಮೇಲೆ ಮುಖವಿಟ್ಟು, ಬೆಳಗಿನಿಂದ ತಡೆದಿಟ್ಟಿದ್ದ ಅಳುವನ್ನೆಲ್ಲ ಅತ್ತರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದೆ.